ಕಾರ್ಖಾನೆ ಬಿಟ್ಟ ದಿನದಂತೆ

ಆಗಸ್ಟ್ ೨೪, ೨೦೨೫, ಭಾನುವಾರ, ಕೊಟ್ಟೂರು

ಇವತ್ತಿನಿಂದ ಬರೆಯಬೇಕು ಅಂತ ಕುಳಿತಿದ್ದೇನೆ. ಯಾರಿಗೂ ತೋರಿಸಲಿಕ್ಕಲ್ಲ. ಹೆಂಡತಿ ಗುರುಬಸಮ್ಮ ಇದ್ದಾಗ ಊಟವಾದ ಮೇಲೆ ದಿನದ ಸುದ್ದಿಯನ್ನೆಲ್ಲ ಅವಳ ಮುಂದೆ ಸುರಿಯುತ್ತಿದ್ದೆ. ಅವಳು ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತ, ನಾನು ಎಲ್ಲಿಂದ ಎಲ್ಲಿಗೋ ಹೋದಾಗ 'ಅದಿರ್ಲಿ, ಮುಂದ?' ಎಂದು ದಾರಿಗೆ ತರುತ್ತಿದ್ದಳು. ಹೋದ ದೀಪಾವಳಿ ಹೊತ್ತಿಗೆ ಲಿಂಗೈಕ್ಯಳಾದಳು. ಈಗ ದಾರಿಗೆ ತರುವವರಿಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಒಂದು ಪುಟದ ವಿಷಯ ಕೊಟ್ಟು, ಮೂರನೇ ಒಂದು ಪಾಲಿಗೆ ಇಳಿಸಿ ಬರೆಯಿರಿ ಅಂದರೆ ನಾನು ಎರಡು ಪುಟ ಬರೆದು ಕೊಡುತ್ತಿದ್ದೆ. 'ಗುರುಸಂಗಪ್ಪ, ಯು ಆರ್ ಎ ಮ್ಯಾನ್ ಆಫ್...' ಎಂದು ಏನೋ ಅನ್ನುತ್ತಿದ್ದರು. ಕೊನೆಯ ಪದ ಇವತ್ತಿಗೂ ನೆನಪಿಗೆ ಬರುವುದಿಲ್ಲ. ಹೊಗಳಿದ್ದಲ್ಲ ಅನ್ನುವುದು ಮಾತ್ರ ಗೊತ್ತು.

ಇವತ್ತಿನ ಸುದ್ದಿ ಗಾಡಿಯದು. ಮಗಳು ಭಾಗ್ಯ ಹರಪನಹಳ್ಳಿಯಿಂದ ಬಂದಿದ್ದಳು. ಬಂದವಳೇ ಮೊಬೈಲ್ ಮುಂದೆ ಹಿಡಿದಳು.

"ಅಪ್ಪಾ, ನಮ್ಮ ಜೀಪಿನ ಕಂಪನಿ ಮತ್ತ ಹುಟ್ಟೇತಿ ನೋಡು."

ಹೌದು, ವಿಂಧ್ಯಾ. ಮೂವತ್ತು ವರ್ಷದ ಹಿಂದೆ ಬಾಗಿಲು ಹಾಕಿದ ಕಂಪನಿ. ಈಗ ಯಾರೋ ದೊಡ್ಡವರು ಹೆಸರನ್ನು ಕೊಂಡು ಹೊಸ ವಿಂಧ್ಯಾ ಮಾಡಿದ್ದಾರೆ. ಚೌಕ ಮೂತಿ, ಎರಡು ಗುಂಡು ದೀಪ, ಎಲ್ಲ ನಮ್ಮದರ ಹಾಗೆಯೇ. ನೋಡಿದರೆ ನಮ್ಮ ಜೀಪಿನ ಮೊಮ್ಮಗ ಅನ್ನಬೇಕು. ಕಾರ್ಖಾನೆಯ ಮುಂದೆ ಗಾಜಿನ ಹಾಲ್ ಕಟ್ಟಿ ಅದರಲ್ಲಿ ಒಂದು ಹಳೆಯ ವಿಂಧ್ಯಾವನ್ನು ಶಾಶ್ವತವಾಗಿ ನಿಲ್ಲಿಸುತ್ತಾರಂತೆ. ಒರಿಜಿನಲ್ ಇರಬೇಕು, ತನ್ನ ಕಾಲ ಮೇಲೆ ಓಡಬೇಕು. ಭಾಗ್ಯ ನನ್ನನ್ನು ಕೇಳದೆಯೇ ನಮ್ಮ ಗಾಡಿಯ ಫೋಟೋ ಕಳಿಸಿಬಿಟ್ಟಿದ್ದಳು. ಅವರು ಒಪ್ಪಿದ್ದಾರೆ.

ನಮ್ಮದು ಎಂಬತ್ತನಾಲ್ಕನೇ ಇಸವಿಯದು. ನಾನು ಹುಣಸೆ ಮರಗಳ ಫಸಲು ಗುತ್ತಿಗೆ ಹಿಡಿಯುತ್ತಿದ್ದ ಮನುಷ್ಯ. ಹುಣಸೆ ಮರ ರಸ್ತೆ ಪಕ್ಕ ಬೆಳೆದು ನಿಂತು ನಮ್ಮನ್ನು ಕಾಯುವುದಿಲ್ಲ. ಗುಡ್ಡದ ಬುಡ, ಹಳ್ಳದ ದಂಡೆ, ಎಲ್ಲಿ ದಾರಿ ಇಲ್ಲವೋ ಅಲ್ಲಿ. ಅದಕ್ಕೆ ಈ ಜೀಪು ತಂದದ್ದು. ಗುರುಬಸಮ್ಮ ಹೋದ ಮೇಲೆ ಗುತ್ತಿಗೆ ಬಿಟ್ಟೆ, ಗಾಡಿಯನ್ನೂ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದೆ. ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಅದು ಕಣ್ಣಿಗೆ ಬೀಳುತ್ತದೆ. ಎಡಗಡೆ ಸೀಟಿನ ಮೇಲೆ ಅವಳ ಕೌದಿ ಮಡಿಸಿ ಇಟ್ಟದ್ದು ಹಾಗೇ ಇದೆ. ನೋಡಿದರೆ ಹಲ್ಲು ಉಜ್ಜುವುದೂ ಬೇಡ ಅನ್ನಿಸುತ್ತದೆ.

"ಕೊಡ್ತೀಯೇನಪ್ಪ?" ಅಂದಳು ಭಾಗ್ಯ.

"ಒಯ್ಯಲಿ," ಅಂದೆ. "ಮಾತು ಕೊಟ್ಟೀನಿ ಅಂತ ಹೇಳಿಬಿಡು."

ಕಣ್ಣ ಮುಂದಿನಿಂದ ಹೋಗಲಿ. ಗಾಜಿನ ಮನೆಯಲ್ಲಿ ಸುಖವಾಗಿ ಇರಲಿ.

ಆಗಸ್ಟ್ ೨೬, ಮಂಗಳವಾರ

ಕಂಪನಿಯ ಹುಡುಗ ಬಂದಿದ್ದ. ಹುಡುಗ ಎಂದರೆ ಮೂವತ್ತೈದರವನು. ಹೆಸರು ಗವಿಸಿದ್ದೇಶ್, ಹೊಸಪೇಟೆಯ ಶೋರೂಮಿನಲ್ಲಿ ಮ್ಯಾನೇಜರ್. ಶೆಡ್ಡಿನ ಬಾಗಿಲು ತೆಗೆದ ಕೂಡಲೇ ಚಪ್ಪಲಿ ಬಿಟ್ಟು ಒಳಗೆ ಹೋದ. ಯಾಕೆ ಬಿಟ್ಟ ಅಂತ ಅವನಿಗೂ ಗೊತ್ತಿರಲಿಕ್ಕಿಲ್ಲ. ಗಾಡಿಯನ್ನು ಒಂದು ಸುತ್ತು ಹಾಕಿದ, ಬಗ್ಗಿ ಕೆಳಗೆ ನೋಡಿದ, ಬಾನೆಟ್ಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ ಕಂಪನಿಯ ಹೆಸರು ಓದಿದ.

"ಸಾರ್, ಇದರ ಚಾಸಿ ನೋಡ್ರಿ. ನಲವತ್ತು ವರ್ಷಾದ್ರೂ ಒಂದು ಕಡಿ ಬಿರುಕಿಲ್ಲ. ಈ ಕಾಲದಾಗ ಇಷ್ಟು ದಪ್ಪನ ಕಬ್ಬಿಣ ಯಾರು ಹಾಕ್ತಾರ್ರಿ?"

"ಅದಕ್ಕೇ ಕಂಪನಿ ಮುಳುಗಿರಬೇಕು," ಅಂದೆ. ನಕ್ಕ.

ಕಾರ್ಯಕ್ರಮ ಹೇಳಿದ. ಆಯುಧ ಪೂಜೆ ಆದ ಮೇಲೆ ಅಕ್ಟೋಬರ್ ನಾಲ್ಕಕ್ಕೆ ಹಳೆಯ ವಿಂಧ್ಯಾ, ಹೊಸ ವಿಂಧ್ಯಾ ಜೊತೆಯಾಗಿ ಓಡಬೇಕು. ಕೂಡ್ಲಿಗಿಯಿಂದ ಹೊರಟು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾದು ಹರಪನಹಳ್ಳಿಗೆ. ಡಾಂಬರು ರಸ್ತೆ ಕಡಿಮೆ, ಹೊಲದ ದಾರಿಯೇ ಹೆಚ್ಚು. ವಿಡಿಯೋ ಮಾಡುತ್ತಾರಂತೆ. ಹರಪನಹಳ್ಳಿಯಲ್ಲಿ ನಾನು ಕೀಲಿ ಅವರ ಕೈಗೆ ಕೊಟ್ಟರೆ ಮುಗಿಯಿತು, ಲಾರಿಯಲ್ಲಿ ಹೋಗುತ್ತದೆ.

ಹೋಗುವ ಮುಂಚೆ ಎಡಗಡೆ ಹತ್ತಿ ಕುಳಿತು ನೋಡಲೇ ಎಂದು ಕೌದಿಗೆ ಕೈ ಹಾಕಿದ. "ಅಲ್ಲಿ ಬ್ಯಾಡಪ," ಅಂದೆ. ಸ್ವಲ್ಪ ಗಟ್ಟಿಯಾಗಿ ಅಂದೆ ಅಂತ ಕಾಣುತ್ತದೆ, ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಚಹಾ ಮಾಡಲು ಹಾಲಿರಲಿಲ್ಲ. ಹಾಗೇ ಕಳಿಸಿದೆ. ಅವಳಿದ್ದಿದ್ದರೆ ನನಗೆ ಬೈಗುಳ ಇತ್ತು.

ಸೆಪ್ಟೆಂಬರ್ ೩, ಬುಧವಾರ

ಕರಿಸಿದ್ದಪ್ಪನನ್ನು ಕರೆಸಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಅವನ ಗ್ಯಾರೇಜು. ನಾನೂ ಅವನೂ ಒಂದೇ ವಾರಿಗೆಯವರು. ಈಗ ಮಗ ನೋಡಿಕೊಳ್ಳುತ್ತಾನೆ, ಇವನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಂದವರ ಗಾಡಿಗಳಿಗೆಲ್ಲ ಹೆಸರಿಟ್ಟುಕೊಂಡು ಕೂರುತ್ತಾನೆ. ಬಾನೆಟ್ ಎತ್ತಿ ನೋಡಿ ನನ್ನ ಕಡೆ ತಿರುಗಿದ.

"ಲೇ ಸಂಗ್ಯಾ, ಇಂಜಿನ್ನಿನ ಮ್ಯಾಲೆ ಇಲಿ ಬಾಣಂತನ ಮಾಡ್ಯಾವಲ್ಲೋ. ನೀ ಏನ್ ಮಾಡಾಕತ್ತಿದ್ದಿ?"

"ನನಗ ಗೊತ್ತಾಗ್ಲಿಲ್ಲ."

"ನಿನಗ ಏನ್ ಗೊತ್ತಾಗತೈತಿ. ಗಡ್ಡ ನೋಡ್ಕೊಂಡೀಯೇನು ಕನ್ನಡ್ಯಾಗ?"

ಇಲಿಯ ಗೂಡು ತೆಗೆದೆವು. ಹಳೆಯ ಡೀಸೆಲ್ ಬಸಿದು ಹೊಸದು ಹಾಕಿದೆವು, ಬ್ಯಾಟರಿ ಬೇರೆ ತಂದೆವು. ಡೀಸೆಲ್ ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆಯುವಷ್ಟರಲ್ಲಿ ಇಬ್ಬರ ಧೋತ್ರವೂ ಕಪ್ಪಾಯಿತು. ಕೀಲಿ ತಿರುಗಿಸಿದೆ. ಮೊದಲನೆಯ ಸಲ ಕೆಮ್ಮಿತು. ಎರಡನೆಯ ಸಲ ಇಡೀ ಓಣಿಗೆ ಹೊಗೆ ಬಿಟ್ಟಿತು. ಮೂರನೆಯದಕ್ಕೆ ಹಿಡಿದುಕೊಂಡಿತು. ಆ ಸದ್ದು! ಕರಿಸಿದ್ದಪ್ಪ ಒಂದು ಕೈಯನ್ನು ಮಡ್ಗಾರ್ಡಿನ ಮೇಲಿಟ್ಟು ಕಣ್ಣು ಮುಚ್ಚಿ ನಿಂತ, ಡಾಕ್ಟರು ನಾಡಿ ನೋಡಿದ ಹಾಗೆ.

"ಹತ್ತು ತಿಂಗಳು ಸುಮ್ನ ನಿಂತಿದ್ರೂ ಒಂದು ಮಾತೂ ಅನ್ಲಿಲ್ಲ ನೋಡಲೇ. ನಾವಾಗಿದ್ರ ನೆಂಟ್ರು ಮನಿ ತುಂಬ ಹೇಳ್ಕೊಂಡು ಬರ್ತಿದ್ವಿ," ಅಂದ.

ಇದನ್ನು ಕಟ್ಟಿದವರು ಯಾರೋ. ಹೆಸರೂ ಗೊತ್ತಿಲ್ಲ. ದೊಡ್ಡ ಮನುಷ್ಯರು. ಯಾರೂ ಕೇಳದಿದ್ದರೂ ಕಾಣದ ಜಾಗದಲ್ಲಿ ಕೂಡ ಗಟ್ಟಿ ಕಬ್ಬಿಣ ಹಾಕಿದರು. ಇಂಗ್ಲಿಷಿನಲ್ಲಿ ಇದಕ್ಕೆ ಒಂದು ಪದ ಇದೆ, ಇಂಟೆ... ಇಂಟೆಗ್ರಲ್ ಅಲ್ಲ, ಅದು ಲೆಕ್ಕದ್ದು. ಇರಲಿ.

ಸೆಪ್ಟೆಂಬರ್ ೪, ಗುರುವಾರ

ಮೈ ಕೈ ನೋವು. ಗಾಡಿ ತೊಳೆದೆ. ಬೇರೇನೂ ಇಲ್ಲ. ಅಡುಗೆ ಮಾಡಲಿಲ್ಲ.

ಸೆಪ್ಟೆಂಬರ್ ೧೨, ಶುಕ್ರವಾರ

ದೂರದ ದಾರಿಗೆ ಗಾಡಿ ಹೇಗೆ ಎಂದು ನೋಡಲು ಕೂಡ್ಲಿಗಿ ಕಡೆಗೆ ಹೊರಟೆ. ಒಬ್ಬನೇ ಹೋಗಿ ಬರುವ ವಿಚಾರ. ಊರು ಇನ್ನೂ ಒಂದಿಷ್ಟು ದೂರ ಇರುವಾಗ ರಸ್ತೆಯಲ್ಲಿ ಒಬ್ಬಳು ಕೈ ಅಡ್ಡ ಹಾಕಿದಳು. ನೋಡಿದರೆ ಅಂಜಿನಕ್ಕ. ಹುಣಸೆ ಹಣ್ಣು ಬಡಿಯುವ ಹೆಣ್ಣುಮಕ್ಕಳ ಗುಂಪಿನ ಮುಂದಾಳು, ಇಪ್ಪತ್ತು ವರ್ಷ ನಮ್ಮ ಜೊತೆ ತೋಪು ತೋಪು ತಿರುಗಿದವಳು. ಗುರುಬಸಮ್ಮನಿಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು.

"ಗಾಡಿ ಸದ್ದು ಕೇಳೇ ಓಡಿಬಂದೆ ಸಾವ್ಕಾರ್ರ. ಸತ್ತೋದ್ರೇನೋ ಅಂದ್ಕಂಡಿದ್ವಿ ನೀವು. ಗಾಡಿನಾದ್ರೂ ಬದುಕೈತಲ್ಲ."

ಹೇಳುತ್ತ ಹೇಳುತ್ತಲೇ ಕಬ್ಬಿಣದ ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿದಳು. ಕೌದಿಯನ್ನು ತೆಗೆದು ಹೊರಗೆ ಎರಡು ಸಲ ಝಾಡಿಸಿದಳು, ಧೂಳಿಗೆ ನಾನೂ ಸೀನಿದೆ, ಮತ್ತೆ ಹಾಸಿಕೊಂಡು ಕುಳಿತಳು. ಮಗಳ ಮನೆಗೆ ಹೋಗಬೇಕಂತೆ. ಬಸ್ಸು ಬರಲಿಲ್ಲವಂತೆ. ಅಳಿಯ ಟ್ರ್ಯಾಕ್ಟರ್ ಕೊಂಡಿದ್ದಾನಂತೆ, ಓಡಿಸಲು ಬರುವುದಿಲ್ಲವಂತೆ. ದಾರಿಯುದ್ದಕ್ಕೂ ಇದೇ. ಇಂಜಿನ್ ಸದ್ದಿಗೆ ಅವಳು ಕೂಗುವುದು, ನಾನು 'ಆಂ?' ಅನ್ನುವುದು.

ಒಂದು ದೊಡ್ಡ ಮರ ಬಂತು. ಮೊದಲು ನಾವೇ ಗುತ್ತಿಗೆ ಹಿಡಿಯುತ್ತಿದ್ದ ಮರ. ಈಗಿನ್ನೂ ಹಸಿರು ಕಾಯಿ. "ನಿಲ್ಸಿರಿ," ಅಂದಳು. ಇಳಿದು ಮರದ ಕೆಳಗೆ ಹೋಗಿ ನಿಂತಳು. ಮೇಲೆ ನೋಡಲಿಲ್ಲ. ಕೆಳಗೆ ಬಿದ್ದ ನೆರಳನ್ನು ನೋಡಿದಳು, ಮೂರು ಕಡೆ ನಿಂತು ನೋಡಿದಳು.

"ಹೋದ ಸಲಕ್ಕಿಂತ ಕಾಲು ಪಾಲು ಜಾಸ್ತಿ ಐತ್ರಿ."

ಅದು ಗುರುಬಸಮ್ಮನ ರೀತಿ. ಎಲ್ಲರೂ ಕತ್ತು ಮೇಲೆತ್ತಿ ಕಾಯಿ ನೋಡಿದರೆ ಅವಳು ನೆರಳು ನೋಡಿ ಹೇಳುತ್ತಿದ್ದಳು. ನನಗೆ ಎಂದೂ ಹೇಳಿಕೊಡಲಿಲ್ಲ. ಕೇಳಿದರೆ, 'ನಿಮಗ ಒಂದ್ ಕಡಿ ನಿಂದ್ರಾಕ ಎಲ್ಲಿ ಬರತೈತಿ' ಅನ್ನುತ್ತಿದ್ದಳು.

"ನಿನಗ ಯಾರು ಕಲಿಸಿದ್ರು?"

"ಅಕ್ಕಾರ. ಮತ್ತ್ಯಾರು ಕಲಿಸ್ತಾರ. ಮಧ್ಯಾಹ್ನ ನೀವು ಗಾಡ್ಯಾಗ ಗೊರಕಿ ಹೊಡೀತಿದ್ರಲ್ಲ, ಅವಾಗ."

ಅವಳನ್ನು ಮಗಳ ಮನೆಯಲ್ಲಿ ಬಿಟ್ಟೆ. ಅಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಮೂರು ರೊಟ್ಟಿ ತಿಂದೆ. ಬರುವಾಗ ನಾಲ್ಕನೇ ಗೇರಿಗೆ ಹಾಕುವಾಗ ಒಂದು ಕಿರ್ ಸದ್ದು, ಕರಿಸಿದ್ದಪ್ಪನಿಗೆ ಹೇಳಬೇಕು.

ಸೆಪ್ಟೆಂಬರ್ ೨೦, ಶನಿವಾರ

ಗವಿಸಿದ್ದೇಶ್ ಹೊಸ ವಿಂಧ್ಯಾ ತಂದಿದ್ದ. ದಾರಿ ನೋಡಿಕೊಂಡು ಬರೋಣ ಬರ್ರಿ ಅಂದ. ಇವತ್ತು ಹಾಲು ತಂದಿಟ್ಟಿದ್ದೆ, ಚಹಾ ಕೊಟ್ಟೆ.

ಸುಳ್ಳು ಯಾಕೆ ಬರೆಯಲಿ, ಗಾಡಿ ಬಹಳ ಚೆನ್ನಾಗಿದೆ. ಹಳೆಯ ಹೆಸರು ಇಟ್ಟುಕೊಂಡು ಊರಿಗೆಲ್ಲ ಟೋಪಿ ಹಾಕುವ ಮಾಲು ಇರಬೇಕು ಅಂದುಕೊಂಡಿದ್ದೆ. ಅಲ್ಲ. ಬಾಗಿಲು ಹಾಕಿದರೆ ಕಬ್ಬಿಣದ ಪೆಟ್ಟಿಗೆಯ ಮುಚ್ಚಳ ಬಿದ್ದ ಹಾಗೆ ತೂಕದ ಸದ್ದು. ತಗ್ಗಿನಲ್ಲಿ ಇಳಿದರೆ ನಮ್ಮದರಲ್ಲಿ ಸೊಂಟಕ್ಕೆ ಸುದ್ದಿ ಮುಟ್ಟುತ್ತದೆ, ಇದರಲ್ಲಿ ತಗ್ಗು ಇತ್ತು ಎಂದು ಹಿಂತಿರುಗಿ ನೋಡಿ ತಿಳಿದುಕೊಳ್ಳಬೇಕು. ಹಗರಿಬೊಮ್ಮನಹಳ್ಳಿ ದಾರಿಯ ಏರಿನಲ್ಲಿ ನಮ್ಮದು ಏದುಸಿರು ಬಿಡುವ ಕಡೆ ಇದು ಹಾಡು ಹೇಳಿಕೊಂಡು ಹತ್ತಿತು. ಅಂದರೆ ನಿಜವಾಗಿ ಹಾಡು, ಗವಿಸಿದ್ದೇಶ್ ಮೆಲ್ಲಗೆ ವಚನ ಹಚ್ಚಿದ್ದ. ಗಾಡಿ ಓಡುವಾಗ ವಚನದ ಪದ ಪದವೂ ಕೇಳುತ್ತದೆ.

ನನಗೆ ಏನು ಹೊಳೆಯಿತು ಎಂದರೆ, ಇದರಲ್ಲಿ ಮಾತಾಡಬಹುದು. ನಮ್ಮ ಜೀಪಿನಲ್ಲಿ ನಾನೂ ಅವಳೂ ನಲವತ್ತು ವರ್ಷ ಕೂಗಿಕೊಂಡೇ ಮಾತಾಡಿದೆವು. ಹಾದುಹೋಗುವ ಊರಿನವರು ಗಂಡ ಹೆಂಡತಿ ಜಗಳ ಎಂದು ನಿಂತು ನೋಡುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ಸಾರಿಗೆ ಉಪ್ಪು ಹೆಚ್ಚಾಯಿತು ಅಂತ. ಗವಿಸಿದ್ದೇಶ್‌ಗೆ ಹೇಳಿದೆ. ನಕ್ಕು ನಕ್ಕು ಅವನು ಗಾಡಿಯನ್ನು ಬದಿಗೆ ತೆಗೆದುಕೊಳ್ಳಬೇಕಾಯಿತು.

"ದೊಡ್ಡಪ್ಪಾ, ನಮ್ಮ ಇಂಜಿನಿಯರುಗಳು ಹಳೇ ವಿಂಧ್ಯಾ ಒಂದನ್ನ ಪೂರ್ತಿ ಬಿಚ್ಚಿ ಇಟ್ಕೊಂಡು, ಒಂದೊಂದು ಬೋಲ್ಟ್ ನೋಡಿ ಇದನ್ನ ಮಾಡ್ಯಾರ್ರಿ. ನಿಮ್ಮ ಗಾಡಿ ಇಲ್ಲ ಅಂದ್ರ ಇದಿಲ್ಲ."

ಅವನು ಸಾರ್ ಬಿಟ್ಟು ದೊಡ್ಡಪ್ಪ ಅನ್ನತೊಡಗಿದ್ದು ಯಾವಾಗಿನಿಂದ, ಗಮನಿಸಲಿಲ್ಲ.

ಅಕ್ಟೋಬರ್ ೧, ಬುಧವಾರ, ಆಯುಧ ಪೂಜೆ

ಎರಡೂ ಗಾಡಿಗೆ ನಮ್ಮ ಅಂಗಳದಲ್ಲೇ ಪೂಜೆ. ನಾಲ್ಕನೇ ತಾರೀಖಿಗೆ ಬೇಕೆಂದು ಗವಿಸಿದ್ದೇಶ್ ಹೊಸದನ್ನು ಇಲ್ಲೇ ತಂದು ನಿಲ್ಲಿಸಿದ್ದಾನೆ. ಹಬ್ಬಕ್ಕೆ ಅವನು ಊರಿಗೆ ಹೋಗಿದ್ದಾನೆ. ಭಾಗ್ಯ ಬಂದಿದ್ದಳು, ಕರಿಸಿದ್ದಪ್ಪನೂ ಬಂದಿದ್ದ. ಅಂಜಿನಕ್ಕ ಬರುವಾಗ ಚೆಂಡು ಹೂವು ತಂದಳು.

ನಮ್ಮ ಜೀಪಿಗೆ ಪ್ರತಿ ವರ್ಷ ಗುರುಬಸಮ್ಮನೇ ವಿಭೂತಿ ಹಚ್ಚುತ್ತಿದ್ದಳು. ನೀರಿನಲ್ಲಿ ಕಲಸಿ ಗಟ್ಟಿಯಾಗಿ, ಬಾನೆಟ್ಟಿಗೆ ಮೂರು ಪಟ್ಟೆ, ದೀಪಗಳ ಮೇಲೆ ಒಂದೊಂದು ಬೊಟ್ಟು. ಈ ಸಲ ನಾನೇ ಹಚ್ಚಿದೆ. ಪಟ್ಟೆ ಸೊಟ್ಟಗಾಯಿತು, ಭಾಗ್ಯ ನಕ್ಕಳು. ಹೊಸ ಗಾಡಿಗೆ ಕಮ್ಮಿ ಮಾಡಬಾರದಲ್ಲ, ಅದಕ್ಕೂ ಬಾನೆಟ್ಟಿನ ಮೇಲೆ ಮೂರು ಪಟ್ಟೆ. ಅದರ ಮುಂದಿನ ಬಂಪರಿನಲ್ಲಿ ಸಾಲಾಗಿ ಸಣ್ಣ ಸಣ್ಣ ಗುಂಡಿಗಳಿವೆ, ರುದ್ರಾಕ್ಷಿ ಗಾತ್ರದವು. ಚೆಂದಕ್ಕೆ ಇಟ್ಟಿದ್ದಾರೆ ಅಂದುಕೊಂಡೆ. ಬೊಟ್ಟು ಇಡಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ? ಒಂದೊಂದಕ್ಕೂ ಹೆಬ್ಬೆರಳಿನಿಂದ ದಪ್ಪಗೆ ವಿಭೂತಿ ಒತ್ತಿ, ನಡುವೆ ಕುಂಕುಮ ಇಟ್ಟೆ.

"ಮದಲಿಂಗನ ಹಂಗ ಕಾಣಕತ್ತೈತಿ," ಅಂದಳು ಅಂಜಿನಕ್ಕ.

ಹೋಳಿಗೆ ಊಟ. ಕರಿಸಿದ್ದಪ್ಪ ಎಲೆಯ ಮುಂದೆ ಕುಳಿತು, "ನಾಕಕ್ಕ ಇದನ್ನ ಕೊಟ್ಟು ಬಸ್ಸಿಗೆ ಬರ್ತಿಯೇನಲೇ?" ಎಂದು ಕೇಳಿದ. ಹೌದು ಅಂದೆ. ಅಂಜಿನಕ್ಕ ತುಪ್ಪದ ಗಿಂಡಿ ಎಲ್ಲಿದೆ ಅಂತ ಭಾಗ್ಯಳನ್ನು ಕೇಳಿದಳು. ಎದುರಿಗೇ ಇತ್ತು.

ಅಕ್ಟೋಬರ್ ೪, ಶನಿವಾರ, ಹರಪನಹಳ್ಳಿ, ಭಾಗ್ಯಳ ಮನೆ

ಮೈಯೆಲ್ಲ ಕೆಸರು, ಸ್ನಾನ ಮಾಡಿ ಬರೆಯುತ್ತಿದ್ದೇನೆ. ಎಲ್ಲವನ್ನೂ ಬರೆಯಬೇಕು.

ಬೆಳಿಗ್ಗೆ ಕೂಡ್ಲಿಗಿಯಿಂದ ಹೊರಟೆವು. ಹಳೆಯದರಲ್ಲಿ ನಾನು ಮತ್ತು ಕರಿಸಿದ್ದಪ್ಪ. ಹೊಸದರಲ್ಲಿ ಗವಿಸಿದ್ದೇಶ್ ಮತ್ತು ವಿಡಿಯೋದವನು. ರಾತ್ರಿಯೆಲ್ಲ ಮಳೆ ಬಿದ್ದಿತ್ತು. ಕೆಂಪು ನೆಲ ಇರುವವರೆಗೂ ಏನೂ ತೊಂದರೆ ಆಗಲಿಲ್ಲ. ಕೊಟ್ಟೂರಿನಲ್ಲಿ ಓಣಿಯವರೆಲ್ಲ ನಿಂತು ಕೈ ಬೀಸಿದರು, ನಾನು ಯಾವುದೋ ಎಲೆಕ್ಷನ್ನಿಗೆ ನಿಂತ ಹಾಗೆ. ಹೊಸ ಗಾಡಿ ಆಗಾಗ ಕುಂಯ್ ಕುಂಯ್ ಎಂದು ಕೂಗುತ್ತಿತ್ತು. ಹೊಸ ಎತ್ತು ಬೆದರಿದ ಹಾಗೆ ಅಂದ ಕರಿಸಿದ್ದಪ್ಪ.

ಹಡಗಲಿ ತಾಲ್ಲೂಕಿಗೆ ಬಂದ ಮೇಲೆ ಎರೆ ನೆಲ. ಇಟ್ಟಿಗಿ ಕಡೆ ಹೊಲದ ದಾರಿಯಲ್ಲಿ ಒಂದು ಹಳ್ಳ. ನೀರು ಮೊಣಕಾಲಿಗಿಂತ ಕಡಿಮೆ, ಆದರೆ ಎರಡೂ ದಂಡೆ ಕರೀ ಕೆಸರು. ಎರೆ ಮಣ್ಣಿನ ದಾರಿಯಲ್ಲಿ ಒಂದೇ ಮಾತು, ನಡುವೆ ನಿಲ್ಲಬಾರದು. ನಿಂತರೆ ಹಿಡಿದುಕೊಳ್ಳುತ್ತದೆ. ಗವಿಸಿದ್ದೇಶ್ ಗೊತ್ತಿದ್ದವನೇ. ಒಳ್ಳೆಯ ವೇಗದಲ್ಲಿ ಇಳಿದ. ಸರಿಯಾಗಿ ಹಳ್ಳದ ನಡುವೆ ಹೋದಾಗ ಗಾಡಿ ತಾನಾಗಿಯೇ ಬ್ರೇಕ್ ಹಾಕಿ ನಿಂತಿತು. ಮತ್ತೆ ಮುಂದೆ ಬಿಟ್ಟ. ಮತ್ತೆ ನಿಂತಿತು. ಅಷ್ಟರಲ್ಲಿ ನಾಲ್ಕೂ ಗಾಲಿ ಅರ್ಧ ಹೂತಿದ್ದವು.

"ಮುಂದ ಗ್ವಾಡಿ ಐತಿ ಅಂತ ತೋರಿಸಾಕತ್ತೈತ್ರಿ ದೊಡ್ಡಪ್ಪಾ," ಎಂದು ಕಿಟಕಿಯಿಂದ ಕೂಗಿದ.

"ಎಲ್ಲೈತೋ ಗ್ವಾಡಿ? ನೀರಾಗ ಯಾರು ಗ್ವಾಡಿ ಕಟ್ಯಾರ?" ಎಂದ ಕರಿಸಿದ್ದಪ್ಪ.

ಗವಿಸಿದ್ದೇಶ್ ಪ್ಯಾಂಟು ಮಡಚಿ ಇಳಿದು ಮುಂದೆ ಹೋಗಿ ಬಂಪರ್ ನೋಡಿದ. ನನ್ನ ಕಡೆ ನೋಡಿದ. ಬೈಯಲಿಲ್ಲ, ಪಾಪ. ಆ ರುದ್ರಾಕ್ಷಿ ಗುಂಡಿಗಳು ಚೆಂದಕ್ಕಲ್ಲವಂತೆ, ಗಾಡಿಯ ಕಣ್ಣುಗಳಂತೆ. ಮುಂದೆ ಏನಾದರೂ ಅಡ್ಡ ಬಂದರೆ ಅವು ತಿಳಿದುಕೊಂಡು ಬ್ರೇಕ್ ಹಾಕುತ್ತವಂತೆ. ನಾನು ಒಂದೊಂದರ ಮೇಲೂ ವಿಭೂತಿ ಮೆತ್ತಿದ್ದೆ. ಮಳೆಗೆ ನೆನೆದು ಒಣಗಿ ಇನ್ನೂ ಗಟ್ಟಿಯಾಗಿತ್ತು. ಗಾಡಿ ಪಾಪ ದಾರಿಯುದ್ದಕ್ಕೂ ಮೂಗಿನ ಮುಂದೆ ಗೋಡೆ ನೋಡಿಕೊಂಡೇ ಬಂದಿತ್ತು.

ಭೂಮಿ ಬಾಯಿ ಬಿಡಲಿ ಅನ್ನಿಸಿತು. ನಾಚಿಕೆಯಲ್ಲಿ ಕೂರಲು ಹೊತ್ತಿರಲಿಲ್ಲ, ಮೇಲಿನಿಂದ ಮತ್ತೆ ನೀರು ಬಂದರೆ ಕಷ್ಟ. ನಮ್ಮ ಗಾಡಿಯನ್ನು ಪಕ್ಕದಿಂದ, ಕಲ್ಲಿರುವ ಕಡೆಯಿಂದ ದಾಟಿಸಿದೆ. ನಾಲ್ಕೂ ಗಾಲಿ ಎಳೆಯುವ ಗೇರು ಹಾಕಿದೆ. ನಮ್ಮದಕ್ಕೂ ಗಾಲಿಗೆ ಮಣ್ಣು ಹತ್ತಿತು, ಆದರೆ ಮಡ್ಗಾರ್ಡು ಅಗಲ, ಕೈ ಹಾಕಿ ಕುಡುಗೋಲಿನಿಂದ ಕೆರೆಯಬಹುದು. ಕರಿಸಿದ್ದಪ್ಪ ಕೆರೆಯುತ್ತ ನನ್ನ ವಂಶವನ್ನೆಲ್ಲ ನೆನೆದ. ಎರಡೂ ಗಾಡಿಗೆ ಹಗ್ಗ ಕಟ್ಟಿದೆವು. ಮೊದಲನೇ ಗೇರು, ಆಕ್ಸಿಲರೇಟರ್ ಮೆಲ್ಲಗೆ. ಇಂಜಿನ್ ತಗ್ಗಿದ ದನಿಯಲ್ಲಿ ಗೊಣಗಿತು, ಗಾಲಿ ಒಂದು ಗೇಣು ಜಾರಿತು, ಹಿಡಿಯಿತು. ಹಳೆಯದು ಹೊಸದನ್ನು ಎಳೆದು ದಂಡೆಗೆ ತಂದು ನಿಲ್ಲಿಸಿತು. ವಿಡಿಯೋದವನು ವಿಡಿಯೋ ಮಾಡುವುದನ್ನು ಮರೆತು ಚಪ್ಪಾಳೆ ತಟ್ಟುತ್ತಿದ್ದ.

ಆದರೆ ಇದನ್ನೂ ಬರೆಯಬೇಕು. ವಿಭೂತಿ ಒರೆಸಿದ ಮೇಲೆ, ಮುಂದೆ ಇನ್ನೊಂದು ಕಡಿದಾದ ದಿಬ್ಬ ಬಂತು. ಹೊಸದು ಒಂದೇ ಉಸಿರಿಗೆ ಹತ್ತಿ ಮೇಲೆ ನಿಂತು ನಮ್ಮನ್ನು ನೋಡಿತು. ನಮ್ಮದು ಅರ್ಧಕ್ಕೆ ಬಂದು ಆಗಲ್ಲ ಅಂದಿತು. ಕರಿಸಿದ್ದಪ್ಪನನ್ನು ಇಳಿಸಿ ಹತ್ತಿಸಬೇಕಾಯಿತು.

"ನನ್ನ ಹೊಟ್ಟಿ ನೋಡಿ ಗಾಡಿ ಅಳತೈತಲೇ," ಎಂದು ನಡೆದುಕೊಂಡು ಬಂದ.

ಅಜ್ಜ ಮೊಮ್ಮಗ ಇಬ್ಬರೂ ಗಟ್ಟಿ. ಸಂಜೆಗೆ ಹರಪನಹಳ್ಳಿ ಮುಟ್ಟಿದೆವು. ಕತ್ತಲಾಗಿತ್ತು, ಕೀಲಿ ಕೊಡುವುದು ನಾಳೆ ಎಂದಾಯಿತು.

ಇವತ್ತು ಎಷ್ಟು ನಕ್ಕೆ ಅಂದರೆ ಪಕ್ಕೆ ನೋಯುತ್ತಿದೆ.

ಅಕ್ಟೋಬರ್ ೫, ಭಾನುವಾರ, ಹರಪನಹಳ್ಳಿ

ಬೆಳಿಗ್ಗೆ ಲಾರಿ ಬಂದು ಭಾಗ್ಯಳ ಮನೆಯ ಮುಂದೆ ನಿಂತಿತು. ಗವಿಸಿದ್ದೇಶ್ ಸಹಿಗೆ ಕಾಗದ ತಂದಿದ್ದ. ಶಾಲು, ಹಾರ ಕೂಡ ತಂದಿದ್ದ. ನಾನು ಪೆನ್ನು ತೆಗೆದುಕೊಂಡೆ. ಕೊಟ್ಟ ಮಾತಿಗೆ ನಾನು ಹಿಂದೆ ಸರಿದವನಲ್ಲ, ಹುಣಸೆ ವ್ಯಾಪಾರದಲ್ಲಿ ಮಾತೇ ಕಾಗದ. ಸಹಿ ಹಾಕುವ ಮುಂಚೆ ಸುಮ್ಮನೆ ಕೇಳಿದೆ.

"ಹಿಂಗ ಕೆಸರು ಇದ್ದಂಗ ಒಯ್ತೀರೇನಪ?"

"ಇಲ್ರಿ ದೊಡ್ಡಪ್ಪ. ಮದ್ಲು ಕಾರ್ಖಾನ್ಯಾಗ ಆರು ತಿಂಗಳು ಇಟ್ಕೊಂಡು ರಿಪೇರಿ ಮಾಡ್ತಾರ. ಎಂಬತ್ನಾಕ್ರಾಗ ಕಾರ್ಖಾನಿ ಬಿಟ್ಟ ದಿನ ಹೆಂಗಿತ್ತೋ ಹಂಗ ಮಾಡಿ ಗಾಜಿನಾಗ ಇಡ್ತಾರ್ರಿ. ಎಂಥಾ ಗೌರವ ನೋಡ್ರಿ."

ಗೌರವವೇ. ಅವನ ಮುಖದಲ್ಲಿ ಆಸೆ ಇತ್ತು, ಮೋಸ ಇರಲಿಲ್ಲ. ಕಾರ್ಖಾನೆ ಬಿಟ್ಟ ದಿನದಂತೆ ಎಂದರೆ ಹೇಗೆ, ತೋರಿಸು ಅಂದೆ. ಗಾಡಿಯನ್ನು ಸುತ್ತುತ್ತ ತೋರಿಸಿದ. ಈ ಹುಡ್ ಒರಿಜಿನಲ್ ಅಲ್ಲ, ಇದು ತೆಗೆಯುತ್ತಾರೆ. ಅದು ಕೊಟ್ಟೂರಿನ ಟೇಲರ್ ತಾಡಪಾಲಿನಲ್ಲಿ ಹೊಲಿದದ್ದು, ಭಾಗ್ಯ ಹುಟ್ಟಿದ ವರ್ಷ, ಕೂಸಿಗೆ ಬಿಸಿಲು ಬಡಿಯಬಾರದು ಎಂದು. ಹಿಂದಿನ ಉದ್ದ ಸೀಟುಗಳು ಒರಿಜಿನಲ್ ಅಲ್ಲ. ಹೌದು, ಹಣ್ಣು ಬಡಿಯುವವರು ಕೂರಲು ಮಾಡಿಸಿದ್ದು. ಮೇಲಿನ ಪೈಪಿನ ಕ್ಯಾರಿಯರ್, ಅದೂ ಇಲ್ಲ. ಎಡಗಡೆಯ ಕಬ್ಬಿಣದ ಮೆಟ್ಟಿಲಿಗೆ ಬಂದ. "ಇದನ್ನಂತೂ ಕತ್ತರಿಸಿ ತೆಗೀಬೇಕ್ರಿ. ಚಾಸಿಗೆ ವೆಲ್ಡ್ ಮಾಡ್ಯಾರ ಯಾರೋ."

"ಯಾರೋ ಅಲ್ಲ, ನಾನ ಮಾಡಿದ್ದು," ಅಂದ ಕರಿಸಿದ್ದಪ್ಪ. "ತಂಗಿ ಗುರುಬಸಮ್ಮಗ ಮೊಣಕಾಲು ನೋವು ಬಂದು ಹತ್ತಾಕ ಆಗ್ತಿದ್ದಿಲ್ಲ. ಆಕಿ ಕಾಲು ಎತ್ತೋವಷ್ಟಕ್ಕ ಅಳತಿ ತಗಂಡು ಬೆಸಗಿ ಹಾಕಿದ್ದು."

ನಾನು ಮೆಟ್ಟಿಲನ್ನು ನೋಡಿದೆ. ನಡುವೆ ಸವೆದಿದೆ. ಅಲ್ಲಿ ಬಣ್ಣ ಇಲ್ಲ, ಕಬ್ಬಿಣ ಹೊಳೆಯುತ್ತದೆ. ಇಷ್ಟು ವರ್ಷ ನಾನು ಬಲಗಡೆಯಿಂದಲೇ ಹತ್ತಿ ಇಳಿದವನು, ಸರಿಯಾಗಿ ನೋಡಿದ್ದೇ ಇವತ್ತು.

ಪೆನ್ನಿನ ಮುಚ್ಚಳ ಹಾಕಿದೆ.

"ಗವಿಸಿದ್ದೇಶಪ್ಪ, ಹುಣಸಿ ಗುತ್ತಿಗಿಯಾಗ ನಮ್ಮದೊಂದು ಕಟ್ಟಳಿ ಐತಿ. ಮರ ಕಂಡಂಗ ಹಿಡೀಬೇಕು. ಮಾತಾದ ಮ್ಯಾಲೆ, ಹಣ್ಣು ಇಳಿಯೋ ತನಕ, ಅತ್ಲಾಗಿನವರಾಗ್ಲಿ ಇತ್ಲಾಗಿನವರಾಗ್ಲಿ ಒಂದು ಕೊಂಬಿ ಕಡಿಯೋ ಹಂಗಿಲ್ಲ. ಕಡೀತೀನಿ ಅಂತ ಬಾಯಿಬಿಟ್ಟು ಅಂದ್ರ ಸಾಕು, ಮಾತು ಮುರೀತು. ಯಾರ ಮ್ಯಾಲೂ ತಪ್ಪಿಲ್ಲ, ಸಿಟ್ಟಿಲ್ಲ. ಅವರ ದಾರಿ ಅವರಿಗೆ, ನಮ್ಮ ದಾರಿ ನಮಗ."

ಅವನು ಒಮ್ಮೆ ಮೆಟ್ಟಿಲನ್ನು, ಒಮ್ಮೆ ನನ್ನನ್ನು ನೋಡಿದ.

"ಮೆಟ್ಲಾ ಒಂದು ಬಿಡ್ರಿ ಅಂತ ಆಫೀಸಿಗೆ ಹೇಳ್ತೀನಿ ದೊಡ್ಡಪ್ಪ. ಕೇಳ್ತಾರೋ ಬಿಡ್ತಾರೋ, ಹೇಳ್ತೀನಿ."

"ಬ್ಯಾಡಪ. ಅವರು ಹೇಳೋದು ಖರೇನ ಐತಿ. ಗಾಜಿನ ಮನ್ಯಾಗ ಇಡೋದು ಹಂಗ ಇರಬೇಕು, ನೋಡಾಕ ಬಂದವರಿಗೆ ತಿಳಿಬೇಕಲ್ಲ. ಆದ್ರ ಕಾರ್ಖಾನಿ ಬಿಟ್ಟ ದಿನ ಇದರಾಗ ಯಾರೂ ಕುಂತಿದ್ದಿಲ್ಲ. ಆ ಗಾಡಿ ನನ್ನ ಹತ್ರ ಇಲ್ಲ. ಇರೋದು ಇದು."

ಭಾಗ್ಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಒಳಗೆ ಹೋದಳು. ಗವಿಸಿದ್ದೇಶ್ ಶಾಲು ಹಿಡಿದುಕೊಂಡು ನಿಂತಿದ್ದ. ಲಾರಿಯವನು ಹೋಗೋಣ ಏನ್ರಿ ಎಂದು ಹಾರ್ನ್ ಹೊಡೆದ. ಆಮೇಲೆ ಗವಿಸಿದ್ದೇಶ್ ಆ ಶಾಲನ್ನು ನನಗೇ ಹೊದಿಸಿದ. ಇದನ್ನು ವಾಪಸ್ಸು ಒಯ್ದರೆ ಆಫೀಸಿನಲ್ಲಿ ಕಾರಣ ಬರೆದುಕೊಡಬೇಕು ದೊಡ್ಡಪ್ಪ, ನಿಮ್ಮ ಹತ್ತಿರವೇ ಇರಲಿ ಅಂದ. ಬಳ್ಳಾರಿ ಕಡೆ ಒಬ್ಬರ ಹತ್ತಿರ ಕೆಟ್ಟು ನಿಂತ ವಿಂಧ್ಯಾ ಇದೆಯಂತೆ, ಯಾರೂ ಏನೂ ಸೇರಿಸಿಲ್ಲವಂತೆ, ಅದನ್ನೇ ನೋಡುತ್ತಾನಂತೆ. ಓಡುವಂತೆ ಮಾಡಲು ಕರಿಸಿದ್ದಪ್ಪ ಹೋಗಿ ಬರುತ್ತೇನೆ ಅಂದಿದ್ದಾನೆ. ಒಳ್ಳೆಯದಾಯಿತು. ಅದೂ ಬದುಕಲಿ.

ಊಟಕ್ಕೆ ಕುಳಿತಾಗ ಭಾಗ್ಯ ಕೇಳಿದಳು.

"ಇನ್ನ ಅದನ್ನ ಏನ್ ಮಾಡ್ತೀಯಪ್ಪ? ಮತ್ತ ಶೆಡ್ಡಿನಾಗ ಇಡ್ತಿಯೇನು?"

"ಓಡಸ್ತೀನಿ," ಅಂದೆ.

ಅಕ್ಟೋಬರ್ ೮, ಬುಧವಾರ, ಕೊಟ್ಟೂರು

ಬೆಳಿಗ್ಗೆಯಿಂದ ಕರಿಸಿದ್ದಪ್ಪನ ಗ್ಯಾರೇಜಿನಲ್ಲೇ ಇದ್ದೆ. ಕ್ಲಚ್ ಪ್ಲೇಟು ಸವೆದಿತ್ತು, ಹಳ್ಳದಲ್ಲಿ ಎಳೆದದ್ದಕ್ಕೆ. ಬದಲಾಯಿಸಿದೆವು. ಕಿರ್ ಸದ್ದೂ ಹೋಯಿತು.

ಅಂಜಿನಕ್ಕ ಫೋನ್ ಮಾಡಿದ್ದಳು. ಗುಡೇಕೋಟೆ ಕಡೆ ಮರಗಳನ್ನು ಈ ವರ್ಷ ಇನ್ನೂ ಯಾರೂ ಹಿಡಿದಿಲ್ಲವಂತೆ. ನೆರಳು ನೋಡಲು ಅವಳು ಬರುತ್ತಾಳೆ. ಒಬ್ಬಳೇ ಬರುತ್ತಾಳೆ ಅಂದುಕೊಂಡರೆ ಜೊತೆಗೆ ಆರು ಜನ ಹೆಣ್ಣುಮಕ್ಕಳು, ತೋಪು ನೋಡಿಕೊಂಡು ಬರಬೇಕಂತೆ. ಒಬ್ಬಳಿಗೆ ಕೂಸು ಬೇರೆ. ಬುತ್ತಿ ಗಂಟು, ನೀರಿನ ಕೊಡ.

"ಹಿಂದ ನಾಕ ಮಂದಿ ಹಿಡೀತಾರವ್ವ," ಅಂದೆ.

"ಬಸ್ಸಿನಾಗ ಅಷ್ಟ ಜಾಗದಾಗ ಎಂಟು ಮಂದಿ ಕುಂದ್ರುತೀವಿ ಸಾವ್ಕಾರ್ರ. ನೀವು ಗಾಡಿ ಹೊಡೀರಿ, ಕುಂದ್ರೋದು ನಮಗ ಬಿಡ್ರಿ."

ನನಗೇನೋ ನಂಬಿಕೆ ಇಲ್ಲ. ಕೊಡವನ್ನು ಮೇಲಿನ ಕ್ಯಾರಿಯರಿಗೆ ಕಟ್ಟಿದರೆ ಒಬ್ಬಳಿಗೆ ಜಾಗವಾಗುತ್ತದೆ. ಕೂಸು ತಾಯಿಯ ತೊಡೆಯ ಮೇಲೆ. ಉಳಿದ ಒಬ್ಬಳನ್ನು ಎಲ್ಲಿ ಕೂರಿಸುವುದು, ಅದೊಂದೇ ತಿಳಿಯುತ್ತಿಲ್ಲ. ಬೆಳಿಗ್ಗೆ ಐದಕ್ಕೆ ಹೊರಡಬೇಕು. ಹಗ್ಗ ಹುಡುಕಿಟ್ಟು ಮಲಗುತ್ತೇನೆ.